ನಿಮ್ಮ ಅಜ್ಜನ ಮನೆ ಇರೋದು ಖರಾಬಿನಲ್ಲಿ

ಬೆಂಗಳೂರಿನ ಅಪಾರ್ಟ್‌ಮೆಂಟ್ ಮಾರೋಕೆ ಸೇಲ್ ಡೀಡ್, ಖಾತಾ, ಇಸಿ, ತೆರಿಗೆ ರಸೀದಿ ಇಷ್ಟಿದ್ದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಮೂಡಿಗೆರೆ ಕಡೆ ಕಾಫಿ ತೋಟದ ಮಧ್ಯೆ ಇರುವ ಅಜ್ಜನ ಮನೆ ಮಾರೋಕೆ ಹೊರಡಿ, ವಕೀಲರು ಬೇರೆಯದೇ ಪಟ್ಟಿ ಕೊಡ್ತಾರೆ. ಪಹಣಿ, ಮ್ಯುಟೇಶನ್, ಮೂಲ ಟಿಪ್ಪಣಿ, ಆಕಾರ್‌ಬಂದ್, ಗ್ರಾಮ ನಕ್ಷೆ. ಪೋಡಿ ಆಗಿದ್ಯಾ? ಆಗಿಲ್ಲ ಅಂದ್ರೆ 11ಇ ಸ್ಕೆಚ್. ಗ್ರಾಮಠಾಣದೊಳಗೆ ಬರುತ್ತಾ? ಬಂದರೆ ಪಂಚಾಯಿತಿಯಿಂದ ಫಾರಂ 9, ಫಾರಂ 11.

ಈ ಪಟ್ಟಿ ನೋಡಿ ತಲೆ ಕೆಡಿಸಿಕೊಂಡ ಗೆಳೆಯರು ನನಗೆ ಬೇಕಾದಷ್ಟು ಜನ ಇದ್ದಾರೆ. ಊರಲ್ಲಿ ಹುಟ್ಟಿ, ಕೋಡ್ ಬರೆಯೋ ಕೆಲಸಕ್ಕೆ ಬಂದವರು. "ಇಷ್ಟೊಂದು ಕಾಗದ ಯಾಕೆ ಮಾರಾಯ, ಒಂದು ಡೇಟಾಬೇಸ್ ಸಾಕಲ್ವಾ?" ಅಂತ ಕೇಳ್ತಾರೆ. ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಪಟ್ಟಿಯ ಒಂದೊಂದು ಕಾಗದವೂ ಒಂದೊಂದು ಕಾಲದ ಸರ್ಕಾರ ಬೇರೆ ಬೇರೆ ಉದ್ದೇಶಕ್ಕೆ ಮಾಡಿಸಿದ್ದು. ಆ ಉದ್ದೇಶಗಳಲ್ಲಿ ನಿಮ್ಮ ಮನೆ ಮಾರಾಟ ಅನ್ನೋದು ಎಲ್ಲೂ ಇರಲಿಲ್ಲ.

ಅಳತೆಗೂ ಮೊದಲಿನ ಕಾಲದಿಂದ ಶುರು ಮಾಡೋಣ. ಹಳೇ ದಾನಶಾಸನಗಳಲ್ಲಿ ಭೂಮಿಯನ್ನು ಗುರುತಿಸುತ್ತಿದ್ದದ್ದು ಚತುಸ್ಸೀಮೆಯಿಂದ. ಪೂರ್ವಕ್ಕೆ ಹಳ್ಳ, ದಕ್ಷಿಣಕ್ಕೆ ದಿಬ್ಬ, ಪಶ್ಚಿಮಕ್ಕೆ ಇಂಥ ಮರ. ಗಡಿಯಲ್ಲಿ ಲಿಂಗಮುದ್ರೆಯದೋ ವಾಮನಮುದ್ರೆಯದೋ ಕಲ್ಲು ನೆಡುತ್ತಿದ್ದರು. ಗದ್ದೆಯ ವಿಸ್ತೀರ್ಣ ಹೇಳುತ್ತಿದ್ದದ್ದು ಬಿತ್ತುವ ಬೀಜದ ಲೆಕ್ಕದಲ್ಲಿ, ಇಷ್ಟು ಖಂಡುಗ, ಇಷ್ಟು ಕೊಳಗ ಅಂತ. 20 ಕೊಳಗಕ್ಕೆ ಒಂದು ಖಂಡುಗ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಮಲೆನಾಡಿನ ಕಂದಾಯವನ್ನು ಕ್ರಮಕ್ಕೆ ತಂದ. ಅವನ 'ಶಿಸ್ತು' ಇವತ್ತಿಗೂ ಹೆಸರುವಾಸಿ. ಗದ್ದೆಯ ಹುಟ್ಟುವಳಿ ನೋಡಿ, ಸರಾಸರಿ ತೆಗೆದು ಕಂದಾಯ ಕಟ್ಟಿದ್ದು ಅದು. ಅಲ್ಲಿ ಮುಖ್ಯವಾದದ್ದು ಭೂಮಿ ಏನು ಕೊಡುತ್ತೆ ಅನ್ನೋದು. ಎಷ್ಟು ಚದರಡಿ ಅನ್ನೋದನ್ನು ಯಾರೂ ಕೇಳುತ್ತಿರಲಿಲ್ಲ.

ಕಾಫಿ ಬಂದಾಗಲೂ ಹೀಗೇ ನಡೆಯಿತು. ಬಾಬಾ ಬುಡನ್ ಮೋಕಾದಿಂದ ಏಳು ಬೀಜ ತಂದ ಕಥೆ ನಿಮಗೆ ಗೊತ್ತೇ ಇದೆ. ಚಂದ್ರದ್ರೋಣದ ಸುತ್ತ ಮನೆ ಹಿತ್ತಲಲ್ಲಿ ಬೆಳೆಯುತ್ತಿದ್ದ ಗಿಡ 1830ರ ದಶಕದ ಹೊತ್ತಿಗೆ ಯುರೋಪಿಯನ್ ಪ್ಲಾಂಟರುಗಳ ಕಣ್ಣಿಗೆ ಬಿತ್ತು. ಕಾಡು ಸವರಿ ತೋಟ ಎದ್ದವು. ಆದರೆ ಸರ್ಕಾರ ತೋಟ ಅಳೆಯಲಿಲ್ಲ, ಕಾಫಿ ತೂಗಿತು. 'ಹಾಲತ್' ಅಂತ ತೆರಿಗೆ, ಮಣದ ಲೆಕ್ಕದಲ್ಲಿ ವಸೂಲಿ. ಹಾಗಾಗಿ ತೋಟದ ಗಡಿ ಹಳ್ಳದ ಈಚೆಗೋ ಆಚೆಗೋ ಅನ್ನೋದು ಸರ್ಕಾರಕ್ಕೆ ದೊಡ್ಡ ವಿಷಯ ಆಗಲೇ ಇಲ್ಲ. 1880ರ ದಶಕದಲ್ಲಿ ಈ ಪದ್ಧತಿ ಹೋಗಿ ಎಕರೆಗೆ ಇಷ್ಟು ಅಂತ ಕಂದಾಯ ಬಂತು. ಎಕರೆ ಲೆಕ್ಕ ಬಂದಮೇಲೆ ಅಳೆಯಲೇಬೇಕಲ್ಲ. ಸರಪಳಿ ಗುಡ್ಡ ಹತ್ತಿತು.

ಆ ಸರಪಳಿ ಬಂದದ್ದು ಬಯಲುಸೀಮೆಯಿಂದ. ಮೈಸೂರಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ, ಬ್ರಿಟಿಷ್ ಕಮಿಷನರ್ ಆಡಳಿತ ಇದ್ದಾಗ. ಮಾದರಿ ಬಾಂಬೆ ಪ್ರಾಂತ್ಯದ್ದು, ಪುಣೆ ಕಡೆಯ ಹೊಲಗಳಲ್ಲಿ ರೂಪುಗೊಂಡದ್ದು. ಅದಕ್ಕೇ ನಮ್ಮ ದಾಖಲೆಗಳ ತುಂಬ ಮರಾಠಿ ಪದಗಳು. ಪಹಣಿ ಅಂದರೆ ನೋಡಿಕೊಂಡು ಬರೋದು, ತಪಾಸಣೆ. ಪೋಡಿ ಅಂದರೆ ಒಡೆಯೋದು. ಆಕಾರ ಅಂದರೆ ಕಂದಾಯ, ಅದರ ಪಟ್ಟಿ ಆಕಾರ್‌ಬಂದ್. ಆ ಪದ್ಧತಿಯಲ್ಲಿ ಒಂದು ಸರ್ವೆ ನಂಬರ್ ಅಂದರೆ ಹೆಚ್ಚುಕಮ್ಮಿ ಒಂದು ಜೋಡಿ ಎತ್ತು ಉಳಬಹುದಾದಷ್ಟು ಹೊಲ. ಕಳಸದ ಗುಡ್ಡದ ನೆತ್ತಿಯಲ್ಲಿ ಯಾವ ಎತ್ತು ಉಳುತ್ತೆ ಹೇಳಿ! ಹೀಗಾಗಿ ಕಣಿವೆಯ ಗದ್ದೆಗಳಿಗೆ ಚಿಕ್ಕ ಚಿಕ್ಕ ನಂಬರು, ಮೇಲಿನ ಗುಡ್ಡಕ್ಕೆ ನೂರಾರು ಎಕರೆಯ ಒಂದೇ ನಂಬರು ಅನ್ನೋ ನಕ್ಷೆಗಳು ನಮ್ಮಲ್ಲಿ ಸಾಮಾನ್ಯ.

ಅಳತೆಯ ಲೆಕ್ಕ ಮಾತ್ರ ಬಹಳ ಚೆನ್ನಾಗಿದೆ. ಸರಪಳಿ 33 ಅಡಿ ಉದ್ದ, ಅದರಲ್ಲಿ 16 ಆಣೆ. ಒಂದಾಣೆ ಅಂದರೆ ಎರಡು ಅಡಿಗಿಂತ ಚೂರು ಜಾಸ್ತಿ. 33 ಅಡಿ ಉದ್ದ 33 ಅಡಿ ಅಗಲ ಸೇರಿದರೆ 1,089 ಚದರಡಿ, ಅದು ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಮೂಲ ಟಿಪ್ಪಣಿಯಲ್ಲಿ ಗೆರೆಗಳ ಪಕ್ಕ ಕಾಣೋ ಅಂಕಿಗಳು ಈ ಸರಪಳಿ ಮತ್ತು ಆಣೆಗಳೇ. ಇವತ್ತಿಗೂ ಗಡಿ ತಕರಾರು ಬಂದರೆ ಸರ್ವೇಯರ್ ಮೊದಲು ತೆಗೆಯೋದು ಆ ಹಾಳೆಯನ್ನೇ.

ಇಳಿಜಾರಲ್ಲಿ ಒಂದು ತೊಂದರೆ ಇದೆ. ನಕ್ಷೆಯ ವಿಸ್ತೀರ್ಣ ಯಾವಾಗಲೂ ಮಟ್ಟಸದ ಲೆಕ್ಕ. 20 ಡಿಗ್ರಿ ಇಳಿಜಾರಲ್ಲಿ ನೆಲದ ಮೇಲೆ 100 ಅಡಿ ನಡೆದರೆ ನಕ್ಷೆಯಲ್ಲಿ ಅದು 94 ಅಡಿ. ಸರಪಳಿಯನ್ನು ಮಟ್ಟಸವಾಗಿ ಎತ್ತಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಅಳೆಯಬೇಕು. ಮಳೆ, ಜಿಗಣೆ, ಕುರುಚಲು ಕಾಡಿನ ನಡುವೆ ಎಷ್ಟು ಕಡೆ ಹಾಗೆ ಎತ್ತಿ ಹಿಡಿದರೋ, ಎಷ್ಟು ಕಡೆ ನೆಲದ ಮೇಲೇ ಎಳೆದರೋ! ತೋಟ ನಡೆದು ನೋಡಿದವರಿಗೆ ಹತ್ತು ಎಕರೆ ಅನ್ನಿಸಿದ್ದು ಕಾಗದದಲ್ಲಿ ಒಂಬತ್ತೂವರೆಗಿಂತ ಕಮ್ಮಿ ಬಂದರೆ ಯಾರೋ ಮೋಸ ಮಾಡಿದರು ಅಂತಲೇ ತಿಳೀಬೇಕಿಲ್ಲ.

ಈಗ ಮನೆಯ ವಿಷಯಕ್ಕೆ ಬರ್ತೀನಿ. ಸರ್ವೆಯ ಗುರಿ ಕಂದಾಯ. ಬೆಳೆ ಬಾರದ ಜಾಗಕ್ಕೆ ಕಂದಾಯ ಇಲ್ಲ. ಅದನ್ನು ಖರಾಬು ಅಂತ ಬರೆದು ವಿಸ್ತೀರ್ಣದಿಂದ ಕಳೆಯುತ್ತಿದ್ದರು. ಈಗಿನ ನಿಯಮದಲ್ಲೂ ಎರಡು ಬಗೆ. ಹಿಡುವಳಿದಾರನ ಕೃಷಿ ಕಟ್ಟಡ, ಕಣ, ಬಂಡೆ ಇಂಥವು 'ಎ' ಖರಾಬು. ಬೇರೆಯವರೂ ಬಳಸುವ ರಸ್ತೆ, ಕಾಲುದಾರಿ, ಹಳ್ಳ, ಸ್ಮಶಾನ 'ಬಿ' ಖರಾಬು. ಅಂದರೆ ಅಜ್ಜ ಮನೆ ಕಟ್ಟಿ, ಕಾಫಿ ಒಣಗಿಸೋಕೆ ಕಣ ಮಾಡಿ, ಅದೇ ಅಂಗಳದಲ್ಲಿ ಮಕ್ಕಳ ಮದುವೆ ಮಾಡಿದ ಜಾಗವನ್ನು ಸರ್ವೆಯವರು ಬೆಳೆಯಿಲ್ಲದ ನೆಲ ಅಂತ ಕಳೆದು ಬರೆದಿರಬಹುದು. ಕಂದಾಯದ ದೃಷ್ಟಿಯಲ್ಲಿ ಅದು ಸರಿಯೇ. ಮಾರುವಾಗ ಮಾತ್ರ ಕೊಳ್ಳುವವನ ವಕೀಲ ಕೇಳ್ತಾನೆ: ಈ ಖರಾಬು ಎ ನೋ ಬಿ ನೋ? 'ಎ' ಆದರೆ ನಿಮ್ಮ ಹಿಡುವಳಿಯ ಜೊತೆ ಸೇರಿದ್ದು. 'ಬಿ' ಆದರೆ ಅದು ಸಾರ್ವಜನಿಕರದ್ದು, ಮಾರೋ ಹಕ್ಕು ನಿಮಗಿಲ್ಲ. ಒಂದು ಅಕ್ಷರದ ಮೇಲೆ ಇಡೀ ವ್ಯಾಪಾರ ನಿಂತಿರುತ್ತೆ.

ಇನ್ನು ಮೂಲ ಸರ್ವೆ ಆದಮೇಲೆ ಆದ ಬದಲಾವಣೆಗಳು. ಅಣ್ಣತಮ್ಮಂದಿರು ಪಾಲಾದರು. ಸರ್ಕಾರಿ ಗುಡ್ಡದ ದೊಡ್ಡ ನಂಬರಿನಲ್ಲಿ ದರಖಾಸ್ತು ಕೊಟ್ಟು ಎರಡೆಕರೆ, ನಾಲ್ಕೆಕರೆ ಮಂಜೂರಾಯಿತು. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಗದ್ದೆ ಬಂತು. ಕಾಫಿ ಪ್ಲಾಂಟೇಶನ್ನಿಗೆ ಕಾಯ್ದೆಯ 104ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದ್ದದ್ದರಿಂದ ಮೇಲಿನ ತೋಟ ಹಾಗೇ ಉಳಿಯಿತು. ಪ್ರತಿ ಸಲವೂ ಪಹಣಿಯಲ್ಲಿ ಹೆಸರು ಬದಲಾಯಿತು. ನಕ್ಷೆಯಲ್ಲಿ ಗೆರೆ ಎಳೆಯೋ ಕೆಲಸ, ಅಂದರೆ ಪೋಡಿ, ಎಷ್ಟೋ ಕಡೆ ಬಾಕಿ ಉಳಿಯಿತು. 'ಸರ್ವೆ ನಂಬರ್ ಇಂಥದ್ದರ ಪೈಕಿ' ಅಂತ ಬರೆದ ಪಹಣಿಗಳೆಲ್ಲ ಈ ಬಾಕಿಯ ಲೆಕ್ಕವೇ. ಎಷ್ಟು ಎಕರೆ ಅಂತ ಗೊತ್ತು, ಆ ಎಕರೆ ಎಲ್ಲಿದೆ ಅನ್ನೋದು ಕಾಗದಕ್ಕೆ ಗೊತ್ತಿಲ್ಲ.

2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿ ನಿಂತಿತು. ದೊಡ್ಡ ಕೆಲಸವೇ, ಎರಡು ಮಾತಿಲ್ಲ. ಆದರೆ ಡೇಟಾ ಮೈಗ್ರೇಶನ್ ಮಾಡಿದವರಿಗೆ ಇದು ಗೊತ್ತಿರುತ್ತೆ, ಹಳೇ ಟೇಬಲ್ಲಿನ ಗೊಂದಲವೂ ಜೊತೆಗೇ ಬರುತ್ತೆ. ಆಗ ಕಂಪ್ಯೂಟರಿಗೆ ಹೋದದ್ದು ಅಕ್ಷರ. ಗೆರೆ, ಅಂದರೆ ಟಿಪ್ಪಣಿ ಮತ್ತು ನಕ್ಷೆ, ಸರ್ವೆ ಇಲಾಖೆಯ ರೆಕಾರ್ಡ್ ರೂಮಿನಲ್ಲೇ ಉಳಿಯಿತು. ಹಾಗಾಗಿ ಒಂದೇ ನಂಬರಿಗೆ ಪಹಣಿಯಲ್ಲಿ ಒಂದು ವಿಸ್ತೀರ್ಣ, ಆಕಾರ್‌ಬಂದ್‌ನಲ್ಲಿ ಇನ್ನೊಂದು, ಕ್ರಯಪತ್ರದಲ್ಲಿ ಮತ್ತೊಂದು ಸಿಗಬಹುದು. ಭಾಗ ಮಾರುವಾಗ ನೋಂದಣಿಗೂ ಮೊದಲು 11ಇ ಸ್ಕೆಚ್ ಬೇಕು ಅನ್ನೋ ನಿಯಮ ಬಂದದ್ದೇ ಈ ಅಕ್ಷರ ಮತ್ತು ಗೆರೆಯನ್ನು ಒಂದೇ ಕಡೆ ಕೂರಿಸೋಕೆ. ಅದನ್ನು ಬರೀ ಕಿರಿಕಿರಿ ಅಂದುಕೊಳ್ಳಬೇಡಿ.

ವಿಚಿತ್ರ ಏನು ಗೊತ್ತಾ? ಇಷ್ಟೆಲ್ಲ ಆದಮೇಲೂ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯೋದು ನಿಂತಿಲ್ಲ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ತೋಟ. ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ಹೊಂದದಿದ್ದರೆ ಕೋರ್ಟುಗಳು ಸಾಮಾನ್ಯವಾಗಿ ಚಕ್ಕುಬಂದಿಯನ್ನೇ ಹಿಡಿಯುತ್ತವೆ. ಶಾಸನದ ಚತುಸ್ಸೀಮೆ ಇನ್ನೂ ಚಾಲ್ತಿಯಲ್ಲಿದೆ ಅಂತಾಯ್ತು.

ಇದರಿಂದ ನನಗೆ ಅನ್ನಿಸೋದು ಎರಡು ಮಾತು. ಮೊದಲನೆಯದು, ಬಾಂದುಗಲ್ಲು ಎಲ್ಲಿದೆ, ಹಳೇ ಬೇಲಿ ಯಾವ ಮರದ ಬುಡದಲ್ಲಿ ಹೋಗಿತ್ತು ಅಂತ ಗೊತ್ತಿರುವವರು ನಿಮ್ಮ ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರಬಹುದು. ಮಾರೋ ಯೋಚನೆ ಇರಲಿ ಬಿಡಲಿ, ಮುಂದಿನ ಸಲ ಊರಿಗೆ ಹೋದಾಗ ಟಿಪ್ಪಣಿಯ ನಕಲು ತೆಗೆಸಿ, ದೊಡ್ಡಪ್ಪನನ್ನೋ ಅತ್ತೆಯನ್ನೋ ಕರ್ಕೊಂಡು ಒಂದು ಸುತ್ತು ನಡೀರಿ. ಪಕ್ಕದ ತೋಟದವರನ್ನೂ ಕರೀರಿ. ಕಲ್ಲು ಸಿಕ್ಕ ಕಡೆ ಫೋನಿನಲ್ಲಿ ಲೊಕೇಶನ್ ಗುರುತು ಹಾಕಿಕೊಳ್ಳಿ. ಸರ್ವೇಯರ್ ಬಂದಾಗ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತೆ.

ಎರಡನೆಯದು ಲೈನ್ ಮನೆಯವರದ್ದು. ನಮಗೆ ನಾಲ್ಕು ಕಾಗದ ಒಂದಕ್ಕೊಂದು ತಾಳೆಯಾಗಲ್ಲ ಅನ್ನೋ ಕಷ್ಟ. ತೋಟದ ಕೆಳಗಿನ ಲೈನಿನಲ್ಲಿ ಎರಡು ಮೂರು ತಲೆಮಾರಿನಿಂದ ಇದ್ದು ಕಾಫಿ ಕುಯ್ದವರಿಗೆ ಎಷ್ಟೋ ಕಡೆ ತಾಳೆ ನೋಡೋಕೆ ಒಂದು ಕಾಗದವೂ ಇಲ್ಲ. ಯಾವ ಕಾಲಂನಲ್ಲೂ ಅವರ ಹೆಸರಿಲ್ಲ. ತೋಟ ಮಾರಾಟ ಆದರೆ ಅವರ ಮನೆಯೂ ಅದರೊಳಗೇ ಸೇರಿ ಹೋಗುತ್ತೆ. ನೀವು ಮಾರುವವರಾದರೆ ಕ್ರಯಪತ್ರ ಬರೆಸೋಕೆ ಮೊದಲು ಕೊಳ್ಳುವವರ ಹತ್ತಿರ ಅವರ ವಿಷಯ ಮಾತಾಡಿ, ಒಪ್ಪಿದ್ದನ್ನು ಬರವಣಿಗೆಯಲ್ಲಿ ತನ್ನಿ. ಅದನ್ನು ಕೇಳುವ ಫಾರಂ ಯಾವ ಕಚೇರಿಯಲ್ಲೂ ಇಲ್ಲ, ನೀವೇ ಕೇಳಬೇಕು.