ಬೂದಿದಿಬ್ಬಗಳು: ಬಯಲುಸೀಮೆಯ ನೆಲವನ್ನು ರೂಪಿಸಿದವರು

ಬಳ್ಳಾರಿ, ರಾಯಚೂರು, ಸುರಪುರಗಳ ಬಯಲಿನಲ್ಲಿ, ಕಣಶಿಲೆಯ ಗುಡ್ಡಗಳ ಅಡಿಯಲ್ಲಿಯೂ ಹಳ್ಳಗಳ ದಂಡೆಯಲ್ಲಿಯೂ, ಬೂದುಬಣ್ಣದ ದಿಬ್ಬಗಳು ಅಲ್ಲಲ್ಲಿ ಕಂಡುಬರುತ್ತವೆ. ಕೆಲವು ಆಳೆತ್ತರವನ್ನೂ ಮುಟ್ಟುವುದಿಲ್ಲ. ಕೆಲವು ದೂರದಿಂದ ನೋಡುವವರಿಗೆ ಸಣ್ಣ ಗುಡ್ಡಗಳಂತೆಯೇ ತೋರುತ್ತವೆ. ಅಗೆದರೆ ಒಳಗಿನಿಂದ ಬಿಳಿಯ ಬೂದಿಯೂ, ಕರಗಿ ಗಡ್ಡೆಕಟ್ಟಿದ ಗಾಜಿನಂತಹ ಕಿಟ್ಟವೂ ಹೊರಬರುತ್ತವೆ. ಕರ್ನಾಟಕದ ಈ ಜಿಲ್ಲೆಗಳಲ್ಲದೆ ಆಂಧ್ರದ ಅನಂತಪುರ, ಕರ್ನೂಲು ಪ್ರಾಂತಗಳಲ್ಲಿಯೂ, ತೆಲಂಗಾಣದ ಹಳೆಯ ಮಹಬೂಬ್‌ನಗರ ಜಿಲ್ಲೆಯಲ್ಲಿಯೂ ಇಂತಹವು ಇವೆ. ಇದುವರೆಗೆ ಗುರುತಿಸಲ್ಪಟ್ಟವುಗಳ ಸಂಖ್ಯೆ ನೂರನ್ನು ಮೀರುತ್ತದೆ. ಜನರು ಇವನ್ನು ಬೂದಿದಿಬ್ಬ, ಬೂದಿಗುಡ್ಡ ಎಂದು ಕರೆಯುತ್ತಾರೆ. ಹೆಸರಿನಲ್ಲಿಯೇ ಅರ್ಧ ಸತ್ಯವು ಅಡಗಿದೆ. ಉಳಿದರ್ಧವನ್ನು ತಿಳಿಯಲು ವಿದ್ವಾಂಸರಿಗೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಕನ್ನಡ ನಾಡಿನ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶಾಸನದಿಂದ ಆರಂಭಿಸುತ್ತಾರೆ. ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ದೊರೆತ ಅಶೋಕನ ಲಿಪಿ, ಅಲ್ಲಿಂದ ಮುಂದೆ ಹಲ್ಮಿಡಿ, ಬಾದಾಮಿ, ಮಾನ್ಯಖೇಟ, ಕಲ್ಯಾಣ, ವಿಜಯನಗರ ಎಂಬುದು ಪರಿಚಿತವಾದ ಕ್ರಮ. ಈ ಕ್ರಮದಲ್ಲಿ ನೆಲವು ಕೇವಲ ರಂಗಭೂಮಿ. ಅದರ ಮೇಲೆ ಅರಸರು ಬಂದುಹೋಗುತ್ತಾರೆ, ನೆಲ ಮಾತ್ರ ಇದ್ದಂತೆಯೇ ಇರುತ್ತದೆ. ಬೂದಿದಿಬ್ಬಗಳ ಅಧ್ಯಯನವು ಅಲುಗಿಸಿದ್ದು ಈ ಕಲ್ಪನೆಯನ್ನೇ. ಅಶೋಕನ ಲಿಪಿಕಾರನು ಮಸ್ಕಿಯ ಬಂಡೆಯನ್ನು ಕೆತ್ತುವುದಕ್ಕೆ ಎರಡು ಸಾವಿರ ವರ್ಷಗಳಿಗೂ ಮುಂಚೆಯೇ ಈ ಬಯಲು ಮನುಷ್ಯನ ಕೈಯಿಂದಲೂ ದನದ ಗೊರಸಿನಿಂದಲೂ ರೂಪುಗೊಳ್ಳತೊಡಗಿತ್ತು. ಅಕ್ಷರವನ್ನರಿಯದ ಆ ಜನರ ದಾಖಲೆಯೆಂದರೆ ಅವರು ಬಿಟ್ಟುಹೋದ ನೆಲವೊಂದೇ.

ಈ ದಿಬ್ಬಗಳಿಗೆ ಮೊದಲು ವ್ಯಾಖ್ಯಾನ ಕೊಟ್ಟವರು ಸ್ಥಳದ ಜನರೇ. ಭೀಮಸೇನನು ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿಯಿದು ಎಂಬುದು ಬಳ್ಳಾರಿ ಕಡೆಯ ಐತಿಹ್ಯ. ಹಂಪಿಯ ಸಮೀಪದ ನಿಂಬಾಪುರದ ದಿಬ್ಬವಾದರೋ ಶ್ರೀರಾಮನ ಬಾಣಕ್ಕೆ ಬಿದ್ದ ವಾಲಿಯ ಚಿತಾಭಸ್ಮವೆಂದು ಪ್ರಸಿದ್ಧವಾಗಿದೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಸೀಮೆಯನ್ನು ಸಂಚರಿಸಿದ ಸೈನ್ಯಾಧಿಕಾರಿ ನ್ಯೂಬೋಲ್ಡ್ ಈ ಕಥೆಗಳನ್ನು ಬರೆದಿಟ್ಟು, ದಿಬ್ಬಗಳ ಬೂದಿಯನ್ನು ಪರೀಕ್ಷಿಸುವ ಪ್ರಯತ್ನವನ್ನೂ ಮಾಡಿದನು. ಈ ಐತಿಹ್ಯಗಳನ್ನು ಕೇವಲ ಕಟ್ಟುಕಥೆಯೆಂದು ತಳ್ಳಿಹಾಕುವುದು ಸರಿಯಲ್ಲ. ಇದು ಮಣ್ಣಿನ ದಿಬ್ಬವಲ್ಲ, ಬೂದಿ. ತಾನಾಗಿ ಆದುದಲ್ಲ, ದೊಡ್ಡ ಉರಿಯೊಂದರ ಫಲ ಎಂಬ ಎರಡು ಮಾತುಗಳನ್ನು ಕಥೆ ಕಟ್ಟಿದವರು ಸರಿಯಾಗಿಯೇ ಕಂಡಿದ್ದರು. ಇಷ್ಟು ಬೂದಿಯಾಗಲು ಎಷ್ಟು ದೊಡ್ಡ ದೇಹ ಸುಟ್ಟಿರಬೇಕು ಎಂಬ ಲೆಕ್ಕವೇ ಅವರನ್ನು ರಾಕ್ಷಸನ ಬಳಿಗೆ ಕೊಂಡೊಯ್ದಿತು.

ವಿದ್ವಾಂಸರ ಊಹೆಗಳೂ ಬಹುಕಾಲ ಇದಕ್ಕಿಂತ ಮುಂದೆ ಹೋಗಲಿಲ್ಲ. ವಿಜಯನಗರದ ಇತಿಹಾಸವನ್ನು ಬರೆದು ಪ್ರಖ್ಯಾತನಾದ ರಾಬರ್ಟ್ ಸೆವೆಲ್ ಇವು ಮಧ್ಯಯುಗದ ಸಾಮೂಹಿಕ ದಹನಗಳ ಅವಶೇಷಗಳಾಗಿರಬಹುದೆಂದು ಸೂಚಿಸಿದನು. ಕಿಟ್ಟವನ್ನು ಕಂಡ ಕೆಲವರು ಲೋಹ ಕರಗಿಸಿದ ಕುಲುಮೆಗಳ ಜಾಗವೆಂದರು. ಸರಿಯಾದ ದಿಕ್ಕನ್ನು ತೋರಿಸಿದವನು ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿದ ಈತನು, ಬಳ್ಳಾರಿ ಸೀಮೆಯ ದಿಬ್ಬಗಳ ಸುತ್ತ ನಯಗೊಳಿಸಿದ ಕಲ್ಗೊಡಲಿಗಳೂ ಕೈಯಿಂದ ಮಾಡಿದ ಮಡಕೆಗಳ ಚೂರುಗಳೂ ಬಿದ್ದಿರುವುದನ್ನು ಗಮನಿಸಿದನು. ದಿಬ್ಬಗಳು ನವಶಿಲಾಯುಗದವು, ಬೂದಿಯು ಸುಟ್ಟ ಸಗಣಿಯದು ಎಂಬುದು ಅವನ ನಿರ್ಣಯ. ಅವನ ಸಂಗ್ರಹವು ಮುಂದೆ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು; ಅದರ ವಿವರವಾದ ಪಟ್ಟಿಯು ಅವನು 1912ರಲ್ಲಿ ತೀರಿಕೊಂಡ ಅನಂತರ ಪ್ರಕಟವಾಯಿತು. ಆದರೂ ರಾಕ್ಷಸನ ಗಾತ್ರದ ಈ ಗುಡ್ಡಗಳು ಬರಿಯ ಸಗಣಿಯಿಂದ ಆದುವೆಂದು ಒಪ್ಪಲು ಅನೇಕರ ಮನಸ್ಸು ಹಿಂಜರಿಯಿತು.

ಸಂಶಯವನ್ನು ಹೋಗಲಾಡಿಸಿದವು ಗುದ್ದಲಿ ಮತ್ತು ಸೂಕ್ಷ್ಮದರ್ಶಕ. 1957ರಲ್ಲಿ ರೇಮಂಡ್ ಆಲ್ಚಿನ್ ಮಹಬೂಬ್‌ನಗರ ಸೀಮೆಯ ಉಟ್ನೂರಿನ ದಿಬ್ಬವನ್ನು ಪದರಪದರವಾಗಿ ಅಗೆಸಿದರು. ಬೂದಿಯ ಅಡಿಯಲ್ಲಿ ಮರದ ಕಂಬಗಳನ್ನು ನೆಟ್ಟ ಕುಳಿಗಳ ಸಾಲುಗಳು ಕಾಣಿಸಿಕೊಂಡವು. ಅವು ದನಗಳನ್ನು ಕೂಡಿಹಾಕುವ ದೊಡ್ಡಿಯ ಬೇಲಿಯ ಗುರುತುಗಳು. ಒಂದು ಬೇಲಿ ಸುಟ್ಟುಹೋದ ಮೇಲೆ ಅದೇ ಜಾಗದಲ್ಲಿ ಇನ್ನೊಂದನ್ನು ಕಟ್ಟಿದ್ದರು. ಹೀಗೆ ಹಲವು ಬಾರಿ ನಡೆದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಪದರದ ಮೇಲೆ ದನಗಳ ಗೊರಸಿನ ಅಚ್ಚುಗಳು ಅಳಿಯದೆ ಉಳಿದಿದ್ದವು. ಲಂಡನ್ನಿನ ಪ್ರೊಫೆಸರ್ ಝಾಯ್ನರ್ ದಿಬ್ಬಗಳ ಬೂದಿಯನ್ನೂ ಕಿಟ್ಟವನ್ನೂ ಪರೀಕ್ಷಿಸಿ ಅದು ಸಗಣಿಯದೇ ಎಂದು 1960ರಲ್ಲಿ ಪ್ರಕಟಿಸಿದರು. ಹುಲ್ಲಿನ ಎಲೆಯಲ್ಲಿ ಮರಳಿನ ಸತ್ವವಾದ ಸಿಲಿಕಾ ಹೇರಳವಾಗಿರುತ್ತದೆ. ದನ ಹುಲ್ಲನ್ನು ಅರಗಿಸಿಕೊಂಡರೂ ಅದು ಸಗಣಿಯಲ್ಲಿ ಉಳಿಯುತ್ತದೆ. ರಾಶಿಬಿದ್ದ ಸಗಣಿಗೆ ಬೆಂಕಿ ಹತ್ತಿ ಒಳಗೊಳಗೇ ತೀವ್ರವಾಗಿ ಉರಿದಾಗ ಈ ಸಿಲಿಕಾ ಬೂದಿಯ ಕ್ಷಾರದೊಡನೆ ಕೂಡಿ ಕರಗಿ ಗಾಜಾಗುತ್ತದೆ. ಕುಲುಮೆಯ ಕಿಟ್ಟವೆಂದು ಭ್ರಮೆ ಹುಟ್ಟಿಸಿದುದು ಇದೇ. ಆಲ್ಚಿನ್ನರ ಗ್ರಂಥವು 1963ರಲ್ಲಿ ಹೊರಬಂದ ಮೇಲೆ ಮೂಲಭೂತವಾದ ವಿವಾದವು ಮುಗಿಯಿತೆನ್ನಬಹುದು.

ದಿಬ್ಬವು ಯಾವುದರಿಂದ ಆಯಿತೆಂಬುದು ತಿಳಿದರೂ ಏತಕ್ಕಾಗಿ ಆಯಿತೆಂಬ ಪ್ರಶ್ನೆ ಉಳಿಯಿತು. ಮಳೆಗಾಲದಲ್ಲಿ ಹುಲ್ಲು ಸಮೃದ್ಧವಾಗಿರುವ ಕಡೆ ಹಿಂಡುಗಳನ್ನು ಕೂಡಿ, ನಿರ್ದಿಷ್ಟವಾದ ಋತುಗಳಲ್ಲಿ ದೊಡ್ಡಿಗೆ ಬೆಂಕಿಯಿಕ್ಕುವ ಆಚಾರವಿದ್ದಿರಬೇಕೆಂಬುದು ಆಲ್ಚಿನ್ನರ ಮತ. ಹೋಳಿ, ಸಂಕ್ರಾಂತಿಗಳಲ್ಲಿ ಬೆಂಕಿ ಹಾಕುವ, ದನಗಳನ್ನು ಕಿಚ್ಚು ಹಾಯಿಸುವ ಪದ್ಧತಿಗಳಲ್ಲಿ ಅದರ ನೆರಳನ್ನು ಅವರು ಕಂಡರು. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊಫೆಸರ್ ಕೆ. ಪದ್ದಯ್ಯನವರು ಸುರಪುರ ಸೀಮೆಯಲ್ಲಿ ದಶಕಗಳ ಕಾಲ ಕೆಲಸ ಮಾಡಿ, ಬೂದಿಹಾಳದ ದಿಬ್ಬವನ್ನು 1980ರ ದಶಕದ ಕೊನೆಯಿಂದ ಹಲವು ವರ್ಷ ಉತ್ಖನನ ಮಾಡಿದರು. ಅಲ್ಲಿ ದಿಬ್ಬದ ಪಕ್ಕದಲ್ಲಿಯೇ ವಾಸದ ನೆಲೆ, ಚಕಮಕಿ ಕಲ್ಲಿನ ಆಯುಧಗಳನ್ನು ಮಾಡುತ್ತಿದ್ದ ಜಾಗ, ದನಗಳನ್ನು ಕಡಿದು ಪಾಲುಮಾಡುತ್ತಿದ್ದ ಗಟ್ಟಿನೆಲ, ಮಕ್ಕಳ ಸಮಾಧಿಗಳು ದೊರೆತವು. ಇದರಿಂದ ದಿಬ್ಬವು ಅಲೆಮಾರಿಗಳ ತಂಗುದಾಣ ಮಾತ್ರವಲ್ಲ, ನೆಲೆನಿಂತ ಊರಿನ ಒಂದು ಅಂಗವೂ ಆಗಿದ್ದಿತೆಂಬುದು ಸ್ಪಷ್ಟವಾಯಿತು. ಸಗಣಿಯನ್ನು ಒಂದೆಡೆ ಒಟ್ಟಿ ಸುಡುತ್ತಿದ್ದರೆಂಬುದು ಪದ್ದಯ್ಯನವರ ವಿವರಣೆ. ಮತ್ತೆ ಕೆಲವು ವಿದ್ವಾಂಸರು ಇವನ್ನು ಉದ್ದೇಶಪೂರ್ವಕವಾಗಿ ಎತ್ತರಿಸಿದ ಸ್ಮಾರಕಗಳೆಂದೇ ಭಾವಿಸುತ್ತಾರೆ: ಬಯಲಿನಲ್ಲಿ ರಾತ್ರಿಯ ಉರಿ ಬಹುದೂರ ಕಾಣುತ್ತದೆ, ಹಿಂಡಿನ ಹಿರಿಮೆಯನ್ನು ನೆರೆಯವರಿಗೆ ಸಾರಲು ಅದಕ್ಕಿಂತ ಉತ್ತಮವಾದ ಸಾಧನವಿಲ್ಲ. ಈ ಮತಗಳು ಒಂದನ್ನೊಂದು ಸಂಪೂರ್ಣವಾಗಿ ಅಲ್ಲಗಳೆಯುವುದಿಲ್ಲ. ತಿಪ್ಪೆಯಾಗಿ ಆರಂಭವಾದುದು ನಾಲ್ಕಾರು ತಲೆಮಾರುಗಳ ಮೇಲೆ ಪೂಜ್ಯವಾದ ಸ್ಥಳವಾಗುವುದು ಈ ನಾಡಿನಲ್ಲಿ ಅಸಂಭವವೇನೂ ಅಲ್ಲ.

ದಿಬ್ಬಗಳನ್ನು ಅವುಗಳ ಸುತ್ತಲಿನ ಪ್ರದೇಶದೊಡನೆ ಕೂಡಿಸಿ ನೋಡಿದಾಗ ಒಂದು ಇಡೀ ಸೀಮೆಯ ಚಿತ್ರವು ಮೂಡುತ್ತದೆ. ಇದಕ್ಕೆ ಬಳ್ಳಾರಿಯ ಹತ್ತಿರದ ಸಂಗನಕಲ್ಲು–ಕುಪ್ಪಗಲ್ಲು ಪ್ರದೇಶವು ಒಳ್ಳೆಯ ನಿದರ್ಶನ. ಬಿ. ಸುಬ್ಬರಾವ್ ಇಲ್ಲಿ 1940ರ ದಶಕದಲ್ಲಿ ನಡೆಸಿದ ಶೋಧವು ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ಅವರ ಗ್ರಂಥಕ್ಕೆ ಆಧಾರವಾಯಿತು. 1964–65ರಲ್ಲಿ ಅನ್ಸಾರಿ ಮತ್ತು ಎಂ. ಎಸ್. ನಾಗರಾಜರಾವ್ ಅಲ್ಲಿ ಮತ್ತೆ ಅಗೆದರು. ಗುಡ್ಡದ ನೆತ್ತಿಯಲ್ಲಿ ಊರು, ಕರಿಗಲ್ಲಿನ ಏಣಿನಲ್ಲಿ ಕೊಡಲಿಗಾಗಿ ಕಲ್ಲನ್ನು ಒಡೆದ ಗಣಿಯೂ ಕಾರ್ಖಾನೆಯೂ, ಅದೇ ಕರಿಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಮೂಡಿಸಿದ ಉದ್ದಕೊಂಬಿನ, ಡುಬ್ಬವುಳ್ಳ ಗೂಳಿಗಳ ಚಿತ್ರಗಳು, ಕೆಳಗೆ ಬೂದಿದಿಬ್ಬ. ಹೊಡೆದರೆ ಗಂಟೆಯಂತೆ ನಾದ ಕೊಡುವ ಬಂಡೆಗಳೂ ಅಲ್ಲಿವೆ. ಅವುಗಳ ಮೇಲೆ ಹೊಡೆದು ಹೊಡೆದು ಸವೆದ ಗುಳಿಗಳಿವೆ.

1990ರ ದಶಕದ ಕೊನೆಯಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ರವಿ ಕೋರಿಶೆಟ್ಟರ್, ಇಂಗ್ಲೆಂಡಿನ ಡೋರಿಯನ್ ಫುಲ್ಲರ್, ನಿಕೋಲ್ ಬೋಯ್ವಿನ್ ಮೊದಲಾದವರು ಈ ಪ್ರದೇಶದಲ್ಲಿ ಹೊಸ ವಿಧಾನಗಳಿಂದ ಶೋಧ ನಡೆಸಿದರು. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಸುಟ್ಟು ಕರಿಯಾದ ಕಾಳುಗಳು ಮೇಲೆ ತೇಲುತ್ತವೆ. ಅವನ್ನು ಸೋಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಧಾನ್ಯವೆಂಬುದು ತಿಳಿಯುತ್ತದೆ. ಹೀಗೆ ದೊರೆತವುಗಳಲ್ಲಿ ಮುಖ್ಯವಾದವು ಕೊರಲೆ, ನವಣೆಯ ಬಳಗದ ಒಂದು ಸಣ್ಣ ಧಾನ್ಯ, ಹುರುಳಿ ಮತ್ತು ಹೆಸರು. ಗೋದಿ, ಜವೆಗಳು ಹೊರಗಿನಿಂದ ಅನಂತರ ಬಂದವು. ಮಳೆಯನ್ನೇ ನಂಬಿದ ಬೇಸಾಯಕ್ಕೆ ಒಗ್ಗುವ ಈ ಕಾಳುಗಳನ್ನು ದಖ್ಖನಿನ ಜನರೇ ಪಳಗಿಸಿದರೆಂಬುದು ಈಗ ಬಹುಮಟ್ಟಿಗೆ ಅಂಗೀಕೃತವಾದ ಅಭಿಪ್ರಾಯ. ಬಯಲುಸೀಮೆಯ ರೈತನು ಇಂದಿಗೂ ಬಿತ್ತುವ ಹುರುಳಿಗೆ ನಾಲ್ಕು ಸಾವಿರ ವರ್ಷಗಳ ವಂಶಾವಳಿಯಿದೆ. ಈ ನಾಡನ್ನಾಳಿದ ಯಾವ ರಾಜವಂಶಕ್ಕೂ ಅಷ್ಟು ದೀರ್ಘವಾದ ಆಯುಸ್ಸು ಇರಲಿಲ್ಲ.

ಬೂದಿದಿಬ್ಬಗಳ ಯುಗವು ಸುಮಾರು ಕ್ರಿ. ಪೂ. 3000ದಿಂದ 1200ರವರೆಗಿನ ನವಶಿಲಾಯುಗಕ್ಕೆ ಸೇರಿದುದು. ಇಷ್ಟು ದೀರ್ಘಕಾಲ ದೊಡ್ಡ ಹಿಂಡುಗಳು ಮೇದ ನೆಲವು ಮೊದಲಿದ್ದಂತೆ ಉಳಿಯುವುದು ಸಾಧ್ಯವಿಲ್ಲ. ಹಿಂಡು ಮೇದ ಕಡೆ ಎಳೆಯ ಗಿಡ ಮರವಾಗುವುದಿಲ್ಲ; ಹೊಸ ಹುಲ್ಲಿಗಾಗಿ ಬೆಂಕಿಯಿಟ್ಟ ಕಡೆ ಕುರುಚಲು ಹಿಂದೆ ಸರಿಯುತ್ತದೆ; ಹಿಂಡು ತಂಗಿದ ಕಡೆ ಮಣ್ಣಿನ ಗುಣವೇ ಬೇರೆಯಾಗುತ್ತದೆ. ಬಳ್ಳಾರಿಯ ಬಯಲನ್ನು ಕಂಡು ಇದು ನಿಸರ್ಗವೇ ಬರಿದುಮಾಡಿದ ಭೂಮಿ ಎಂದು ಹೇಳುವವರು ಈ ಸಾವಿರಾರು ವರ್ಷಗಳ ಮೇಯುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಳೆಯ ಕೊರತೆ ನಿಜ. ಆದರೆ ಆ ಕೊರತೆಯ ಮೇಲೆ ಮನುಷ್ಯನ ಬಾಳಿನ ಮುದ್ರೆಯೂ ಬಿದ್ದಿದೆ.

ಇದೇ ಸೀಮೆಯಲ್ಲಿ ಮೂರು ಸಾವಿರ ವರ್ಷಗಳ ಅನಂತರ ನೆಲವನ್ನು ತಿದ್ದಿದ ಇನ್ನೊಂದು ಬಗೆಯನ್ನು ಹೋಲಿಸಿ ನೋಡಬಹುದು. ವಿಜಯನಗರದ ಅರಸರೂ ಅವರ ಅಧಿಕಾರಿಗಳೂ ತುಂಗಭದ್ರೆಯಿಂದ ಕಾಲುವೆಗಳನ್ನು ತೆಗೆಸಿದರು, ಕೆರೆಗಳನ್ನು ಕಟ್ಟಿಸಿದರು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಒಂದು ಕೆರೆಯ ಕೆಲಸದಲ್ಲಿ 15ರಿಂದ 20 ಸಾವಿರ ಜನ ಇರುವೆಗಳಂತೆ ತೊಡಗಿದ್ದುದನ್ನು ಕಂಡು ಬರೆದಿದ್ದಾನೆ. ಕೆರೆಗೆ ಶಾಸನವುಂಟು, ಕಟ್ಟಿಸಿದವನ ಹೆಸರುಂಟು. ಆದರೆ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್‌ಲೀನ್ ಮಾರಿಸನ್ ರಾಜಧಾನಿಯ ಸುತ್ತಲಿನ ಹೊಲ-ಗುಡ್ಡಗಳನ್ನು 1980–90ರ ದಶಕಗಳಲ್ಲಿ ನಡೆದು ಪರಿಶೀಲಿಸಿದಾಗ, ಶಾಸನಗಳು ಹೇಳದ ಅನೇಕ ಸಣ್ಣ ಕೆರೆಗಳೂ ಒಡ್ಡುಗಳೂ ಕಂಡುಬಂದವು. ಅವುಗಳಲ್ಲಿ ಎಷ್ಟೋ ಹೂಳು ತುಂಬಿ ನಿರುಪಯುಕ್ತವಾದಂತಹವು. ಶಾಸನವು ಕಟ್ಟಿದ ದಿನವನ್ನು ಹೇಳುತ್ತದೆ. ಕೆರೆ ಎಷ್ಟು ಕಾಲ ನೀರು ಕೊಟ್ಟಿತು, ಎಂದು ಸೋತಿತು ಎಂಬುದನ್ನು ಹೇಳಬಲ್ಲುದು ಅದರ ಹೂಳು ಮಾತ್ರ. ಹೀಗೆ ಅಕ್ಷರವಿದ್ದ ಯುಗಕ್ಕೂ ನೆಲದ ಸಾಕ್ಷ್ಯವು ಅಗತ್ಯವೇ ಆಗಿದೆ.

ಇಂತಹ ಸಾಕ್ಷ್ಯವು ಈಗ ಅಪಾಯದಲ್ಲಿದೆ. ಬೂದಿಯು ಹೊಲಕ್ಕೆ ಗೊಬ್ಬರವಾಗುತ್ತದೆಂದು ದಿಬ್ಬಗಳನ್ನು ತೋಡಿ ಸಾಗಿಸಿದ್ದಾರೆ. ರಸ್ತೆಗಾಗಿ ಕೆಲವನ್ನು ಕತ್ತರಿಸಿದ್ದಾರೆ. ಕಾಲುವೆಯ ನೀರು ಬಂದ ಕಡೆ ನೆಲವನ್ನು ಮಟ್ಟಮಾಡುವಾಗ ಕೆಲವು ಹೇಳಹೆಸರಿಲ್ಲದಂತಾದವು. ಸಂಗನಕಲ್ಲು–ಕುಪ್ಪಗಲ್ಲುಗಳ ಗುಡ್ಡಗಳನ್ನು ಕಲ್ಲಿನ ಗಣಿಗಾರಿಕೆ ಕಡಿಯುತ್ತ ಬಂದುದರಿಂದ ಗೂಳಿಯ ಚಿತ್ರಗಳಿಗೂ ಧಕ್ಕೆ ತಗಲಿದೆ. ರೈತನನ್ನು ದೂಷಿಸಿ ಪ್ರಯೋಜನವಿಲ್ಲ. ಅವನ ಪೂರ್ವಿಕರು ಒಟ್ಟಿದುದನ್ನೇ ಅವನು ಹೊಲಕ್ಕೆ ಹರಡುತ್ತಿದ್ದಾನೆ, ಅದು ಏನೆಂದು ಅವನಿಗೆ ಯಾರೂ ತಿಳಿಸಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ಘೋಷಿತವಾದ ತಾಣಗಳಿಗೆ ರಕ್ಷಣೆ ಕೊಡುತ್ತದೆ. 2010ರ ತಿದ್ದುಪಡಿಯಂತೆ ಅವುಗಳ ಸುತ್ತ 100 ಮೀಟರು ನಿಷಿದ್ಧ ಪ್ರದೇಶವೂ ಆಗಿದೆ. ಗುಡಿಗೋಪುರಗಳಿಗೆ ಇದು ಸಾಕಾಗಬಹುದು. ಆದರೆ ಬೂದಿದಿಬ್ಬದ ಅರ್ಥವು ದಿಬ್ಬವೊಂದರಲ್ಲಿಯೇ ಇಲ್ಲ. ದಿಬ್ಬಕ್ಕೂ ಗುಡ್ಡದ ಮೇಲಿನ ಊರಿಗೂ, ಕೊಡಲಿಯ ಗಣಿಗೂ, ನೀರಿನ ಹಳ್ಳಕ್ಕೂ, ಮೇವಿನ ಬಯಲಿಗೂ ಇದ್ದ ಸಂಬಂಧದಲ್ಲಿದೆ. ಬೇಲಿ ಹಾಕಿ ದಿಬ್ಬವನ್ನು ಉಳಿಸಿ ಗುಡ್ಡವನ್ನು ಒಡೆದರೆ, ಗ್ರಂಥದ ಒಂದು ಹಾಳೆಯನ್ನು ಕಾಪಾಡಿ ಉಳಿದುದನ್ನು ಸುಟ್ಟಂತೆ.

ಆದುದರಿಂದ ಮೊದಲು ಆಗಬೇಕಾದ ಕೆಲಸವೆಂದರೆ ಉಳಿದಿರುವ ದಿಬ್ಬಗಳನ್ನು ಅವುಗಳ ಸುತ್ತಲಿನ ನೆಲೆಗಳೊಡನೆ ಗ್ರಾಮವಾರು ನಕ್ಷೆಗಿಳಿಸಿ, ಸೀಮೆ ಸೀಮೆಯಾಗಿಯೇ ರಕ್ಷಣೆಗೆ ಗೊತ್ತುಮಾಡುವುದು. ಈ ದಿಬ್ಬಗಳು 1956ರ ರಾಜ್ಯಗಳ ಗಡಿಯನ್ನು ಅರಿಯವು. ಉಟ್ನೂರಿನ ದೊಡ್ಡಿಯನ್ನೂ ಬೂದಿಹಾಳದ ದೊಡ್ಡಿಯನ್ನೂ ಕಟ್ಟಿದವರು ಒಂದೇ ಸಂಸ್ಕೃತಿಯ ಜನ. ಮದರಾಸಿನ ಸಂಗ್ರಹಾಲಯದಲ್ಲಿ ಫೂಟನ ಕೊಡಲಿಗಳಿವೆ, ಪುಣೆಯಲ್ಲಿ ಡೆಕ್ಕನ್ ಕಾಲೇಜಿನ ಅರ್ಧ ಶತಮಾನಕ್ಕೂ ಮಿಕ್ಕಿದ ಸಂಶೋಧನೆಯಿದೆ, ಹೈದರಾಬಾದಿನಿಂದ ಉಟ್ನೂರು ಒಂದು ದಿನದ ದಾರಿ. ಹೊರನಾಡಿನ ಕನ್ನಡಿಗರಿಗೆ ತಮ್ಮ ನೆಲದ ಈ ಹಳೆಯ ಚರಿತ್ರೆಯ ಆಕರಗಳು ತಾವಿರುವ ಊರುಗಳಲ್ಲಿಯೇ ದೊರೆಯುತ್ತವೆ. ಅವನ್ನು ಕನ್ನಡದಲ್ಲಿ ಬರೆದು ಬಳ್ಳಾರಿ, ರಾಯಚೂರುಗಳ ಹಳ್ಳಿಯ ಶಾಲೆಗಳವರೆಗೆ ಮುಟ್ಟಿಸುವ ಕಾರ್ಯವು ಇನ್ನೂ ಬಹಳಷ್ಟು ಉಳಿದಿದೆ.