ಪಹಣಿಯಲ್ಲಿ ಹೆಸರಿಲ್ಲದವರು: ಕಾಗೋಡಿನ ಗದ್ದೆಯಿಂದ ಐಟಿ ಗೇಟಿನವರೆಗೆ

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಮ್ಮ ಕೇರಿಗಳಿಂದ ಬಿಸಿಎ, ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಹೋದ ಮಕ್ಕಳಲ್ಲಿ ಕೆಲವರು ಈಚೆಗೆ ಬ್ಯಾಗ್ ಸಮೇತ ಊರಿಗೆ ವಾಪಸ್ ಬಂದಿದ್ದಾರೆ. ಯಾಕಪ್ಪಾ ಅಂದರೆ "ಎಐ ಬಂತು ಅಣ್ಣ, ಪ್ರಾಜೆಕ್ಟ್ ಹೋಯ್ತು" ಅಂತಾರೆ. ಯಾವ ಕಂಪನಿ ಅಂತ ಕೇಳಿದರೆ ದೊಡ್ಡ ಹೆಸರು ಹೇಳ್ತಾರೆ. ಸಂಬಳದ ಚೀಟಿ ತೋರಿಸು ಅಂದಾಗ ಅದರಲ್ಲಿ ನಾವ್ಯಾರೂ ಕೇಳದ ಯಾವುದೋ ಏಜೆನ್ಸಿಯ ಹೆಸರು ಇರುತ್ತೆ. ಕೆಲಸ ಮಾಡಿದ್ದು ಒಬ್ಬರ ಬಳಿ, ಹೆಸರು ಇದ್ದದ್ದು ಇನ್ನೊಬ್ಬರ ಪುಸ್ತಕದಲ್ಲಿ. ನಮ್ಮ ಮಲೆನಾಡಿಗೆ ಇದು ಹೊಸದಲ್ಲ.

1951ರ ಏಪ್ರಿಲ್‌ನಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿ ಭತ್ತ ಅಳೆಯೋ ಕೊಳಗ ಒಡೆಯರ ಮನೆಯದ್ದು, ಅದು ಮಾಮೂಲಿ ಕೊಳಗಕ್ಕಿಂತ ದೊಡ್ಡದು. ಅಂದರೆ ಕೊಡಬೇಕಾದ್ದಕ್ಕಿಂತ ಹೆಚ್ಚು ಭತ್ತ ಪ್ರತಿ ವರ್ಷ ಅಳತೆಯಲ್ಲೇ ಹೋಗ್ತಿತ್ತು. ಇದನ್ನ ಪ್ರಶ್ನೆ ಮಾಡಿದವರು ಹೆಚ್ಚಾಗಿ ದೀವರು, ಸಂಘ ಕಟ್ಟಿದವರು ಎಚ್. ಗಣಪತಿಯಪ್ಪ. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಈ ಹೋರಾಟದ ಬೆನ್ನಲ್ಲೇ, 1952ರಲ್ಲಿ, ಸಾಗರ-ಹೊಸನಗರದಿಂದ ವಿಧಾನಸಭೆಗೆ ಗೆದ್ದರು. ದೊಡ್ಡ ಹೋರಾಟ, ಅದಕ್ಕೆ ತಲೆಬಾಗ್ತೀನಿ.

ಆದರೆ ಆ ಗದ್ದೆಯಲ್ಲಿ ಒಡೆಯ, ಗೇಣಿದಾರ ಇಬ್ಬರೇ ಇದ್ದರಾ? ಮೂರನೆಯವನೂ ಇದ್ದ, ಆಳು. ಬ್ರಿಟಿಷರ ಕಾಲದ ಮೈಸೂರು ಗೆಜೆಟಿಯರ್ ನಮ್ಮ ಜನರನ್ನ ಎರಡು ಥರ ವಿಂಗಡಿಸುತ್ತೆ: ಹುಟ್ಟಾಳು, ಮಣ್ಣಾಳು. ಹುಟ್ಟಾಳು ಮನೆಗೆ ಅಂಟಿಕೊಂಡವನು. ಮಣ್ಣಾಳು ಮಣ್ಣಿಗೆ ಅಂಟಿಕೊಂಡವನು, ಜಮೀನು ಮಾರಿದರೆ ಜಮೀನಿನ ಜೊತೆ ಅವನೂ ಹೋಗ್ತಿದ್ದ. ಗೇಣಿದಾರನ ಹತ್ತಿರ ಕೊನೆಗೆ ಒಂದು ಗೇಣಿ ಚೀಟಿಯಾದರೂ ಇರ್ತಿತ್ತು. ಮಣ್ಣಾಳಿನ ಹತ್ತಿರ ಏನಿತ್ತು?

ಇದರ ಫಲ ಗೊತ್ತಾಗಿದ್ದು 1974ರಲ್ಲಿ. ದೇವರಾಜ ಅರಸು ಅವರ ಭೂ ಸುಧಾರಣಾ ತಿದ್ದುಪಡಿ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಅಂದರು. ಫಾರಂ ನಂಬರ್ 7 ತುಂಬಿ, ತಾನು ಗೇಣಿದಾರ ಅಂತ ಭೂನ್ಯಾಯ ಮಂಡಳಿ ಮುಂದೆ ತೋರಿಸಿದವನಿಗೆ ಜಮೀನು ಸಿಕ್ಕಿತು. ಸಾವಿರಾರು ಕುಟುಂಬ ಬದುಕಿದವು, ಅದನ್ನ ಅಲ್ಲಗಳೆಯೋ ಮಾತೇ ಇಲ್ಲ. ಆದರೆ ಕಾಯ್ದೆಯ ಕಣ್ಣಲ್ಲಿ "ಉಳುವವ" ಅಂದರೆ ನೇಗಿಲು ಹಿಡಿದವನಲ್ಲ, ಗೇಣಿಗೆ ಹಿಡಿದವನು. ನೇಗಿಲು ಹಿಡಿದ ನಮ್ಮಜ್ಜ ಕೂಲಿ ಅನ್ನಿಸಿಕೊಂಡ. ಅವನಿಗೆ ಅಂತ ಕಾಯ್ದೆಯಲ್ಲಿ ಮುಖ್ಯವಾಗಿ ಇದ್ದದ್ದು ವಾಸದ ಗುಡಿಸಲಿನ ಜಾಗ, ಮತ್ತೆ ಹೆಚ್ಚುವರಿ ಭೂಮಿ ಹಂಚುವಾಗ ಒಂದು ಪಾಲಿನ ಭರವಸೆ. ಗದ್ದೆ ಅದೇ, ಬೆವರೂ ಅದೇ. ಪಹಣಿಯ ಕಾಲಂನಲ್ಲಿ ಹೆಸರಿರಲಿಲ್ಲ, ಅಷ್ಟೇ.

ಈಗ ಐಟಿಗೆ ಬರೋಣ. ಮೊದಲೇ ಒಂದು ಮಾತು: ಐಟಿ ಕಾಂಟ್ರಾಕ್ಟ್ ಹುಡುಗನನ್ನ ಜೀತದಾಳು ಅಂತ ನಾನು ಕರೆಯಲ್ಲ. ಹಾಗೆ ಅಂದರೆ ಜೀತ ಅನುಭವಿಸಿದವರಿಗೆ ಅವಮಾನ. ನಾನು ಹೇಳ್ತಿರೋದು ಪುಸ್ತಕದಲ್ಲಿ ಹೆಸರು ಎಲ್ಲಿದೆ ಅನ್ನೋದರ ಬಗ್ಗೆ ಮಾತ್ರ.

1942ರಿಂದ 46ರವರೆಗೆ ಬಾಬಾಸಾಹೇಬರು ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಎಂಟು ಗಂಟೆ ಕೆಲಸದ ಬಗ್ಗೆ ನಾವೆಲ್ಲ ಭಾಷಣ ಮಾಡ್ತೀವಿ. 1946ರಲ್ಲಿ ಅವರು ತಂದ ಇನ್ನೊಂದು ಕಾನೂನಿನ ಬಗ್ಗೆ ಯಾರೂ ಮಾತಾಡಲ್ಲ: ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆ. ಅದು ಹೇಳೋದು ಇಷ್ಟೇ. ಯಾರು ಕಾಯಂ, ಯಾರು ತಾತ್ಕಾಲಿಕ, ಯಾರು ಬದಲಿ, ಕೆಲಸದಿಂದ ತೆಗೆಯಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು, ಯಾವುದು ತಪ್ಪು, ದೂರು ಯಾರಿಗೆ ಕೊಡಬೇಕು, ಎಲ್ಲಾ ಮಾಲೀಕ ಬರೆದಿಡಬೇಕು. ಸರ್ಕಾರದ ಅಧಿಕಾರಿ ಅದನ್ನ ಪರಿಶೀಲಿಸಿ ಪ್ರಮಾಣೀಕರಿಸಬೇಕು. ಆಮೇಲೆ ಕಾರ್ಮಿಕರು ಒಳಗೆ ಬರೋ ಗೇಟಿನ ಹತ್ತಿರ, ಇಂಗ್ಲಿಷಲ್ಲೂ ಹೆಚ್ಚಿನ ಕಾರ್ಮಿಕರಿಗೆ ಗೊತ್ತಿರೋ ಭಾಷೆಯಲ್ಲೂ, ಬೋರ್ಡ್ ಹಾಕಬೇಕು. ಎಲೆಕ್ಟ್ರಾನಿಕ್ ಸಿಟಿಯ ಗೇಟುಗಳಲ್ಲಿ ಅಂಥ ಬೋರ್ಡ್ ನೋಡಿದ್ದೀರಾ?

ನೋಡಿರಲ್ಲ. ಯಾಕಂದರೆ ಐಟಿ ಕಂಪನಿಗಳಿಗೆ ಕರ್ನಾಟಕ ಸರ್ಕಾರ ಈ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತು. 2014ರಲ್ಲಿ ಐದು ವರ್ಷ, 2019ರಲ್ಲಿ ಮತ್ತೆ ಐದು, 2024ರ ಜೂನ್‌ನಲ್ಲಿ ಮತ್ತೆ ಐದು. ಮೂರು ಸಲ, ಮೂರು ಬೇರೆ ಬೇರೆ ಸರ್ಕಾರ. ಬಾಬಾಸಾಹೇಬರ ಫೋಟೋಗೆ ಹಾರ ಹಾಕೋದರಲ್ಲಿ ಯಾರೂ ಹಿಂದೆ ಬಿದ್ದಿಲ್ಲ ಅನ್ನೋದೂ ನೆನಪಿರಲಿ. ಐಟಿ ನೌಕರರ ಸಂಘ ಕಿಟು ಬೀದಿಗಿಳಿದು ವಿರೋಧಿಸಿತು, ಆಗಲಿಲ್ಲ. 2025ರ ನವೆಂಬರ್ 21ಕ್ಕೆ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದವು, 1946ರ ಕಾಯ್ದೆಯೇ ಹೋಯಿತು. ಈಗ ಸ್ಥಾಯಿ ಆದೇಶಕ್ಕೆ 300 ಕಾರ್ಮಿಕರಿರಬೇಕು. ಗುತ್ತಿಗೆ ಕಾರ್ಮಿಕರ ನಿಯಮ 20 ಜನಕ್ಕೆ ಇದ್ದದ್ದು 50ಕ್ಕೆ ಏರಿತು. 49 ಜನರನ್ನ ಇಟ್ಟುಕೊಂಡ ಸಬ್-ವೆಂಡರ್‌ಗೆ ಲೈಸೆನ್ಸಿನ ಗೊಡವೆಯೇ ಇಲ್ಲ.

ಕೆಲಸದ ಸರಪಳಿ ಹೀಗಿರುತ್ತೆ: ಅಮೆರಿಕದ ಯಾವುದೋ ಬ್ಯಾಂಕ್ ಇಲ್ಲಿನ ದೊಡ್ಡ ಕಂಪನಿಗೆ ಕೆಲಸ ಕೊಡುತ್ತೆ, ಅದು ವೆಂಡರ್‌ಗೆ, ವೆಂಡರ್ ಸಬ್-ವೆಂಡರ್‌ಗೆ. ನಡುವೆ ಪ್ರತಿಯೊಬ್ಬರದ್ದೂ ಒಂದೊಂದು ಕೊಳಗ. ತಳದಲ್ಲಿ ನಮ್ಮ ಹುಡುಗಿ ಟೆಸ್ಟಿಂಗ್ ಮಾಡ್ತಾಳೆ, ಇಲ್ಲಾ ರಾತ್ರಿ ಪಾಳಿಯಲ್ಲಿ ಸಪೋರ್ಟ್ ಟಿಕೆಟ್ ನೋಡ್ತಾಳೆ. ಎಐ ಮೊದಲು ಕಲಿತದ್ದೂ ಇಂಥ ಕೆಲಸಗಳನ್ನೇ. ಹಿಂದೆ ಕಾಯಂ ನೌಕರನಿಗೆ ಪ್ರಾಜೆಕ್ಟ್ ಇಲ್ಲದಿದ್ದರೆ ಸ್ವಲ್ಪ ದಿನ ಬೆಂಚ್ ಆದರೂ ಇತ್ತು. ಕಾಂಟ್ರಾಕ್ಟ್‌ನವಳಿಗೆ ಬೆಂಚೂ ಇಲ್ಲ. ಬೆಳಗ್ಗೆ ಒಂದು ಮೇಲ್, ಮಧ್ಯಾಹ್ನಕ್ಕೆ ಐಡಿ ಕಾರ್ಡ್ ಬಂದ್.

2023-24ರ ಒಂದೇ ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರರಲ್ಲೂ ಸೇರಿ ಸುಮಾರು 64 ಸಾವಿರ ನೌಕರರು ಕಡಿಮೆಯಾದರು. 2025ರ ಜುಲೈನಲ್ಲಿ ಟಿಸಿಎಸ್ 12 ಸಾವಿರಕ್ಕೂ ಹೆಚ್ಚು ಜನರನ್ನ ತೆಗೀತೀವಿ ಅಂತು, ಅದಕ್ಕೆ ಎಐ ಕಾರಣ ಅಲ್ಲ ಅಂತಲೂ ಹೇಳಿತು. ಟಿವಿಯಲ್ಲಿ ಚರ್ಚೆ ಆಯ್ತು. ಈ ಲೆಕ್ಕ ಎಲ್ಲಾ ಕಂಪನಿಯ ಸ್ವಂತ ಹಾಜರಿ ಪುಸ್ತಕದ್ದು. ಏಜೆನ್ಸಿ ಮೂಲಕ ಬಂದವರು ಎಷ್ಟು ಜನ ಹೋದರು ಅಂತ ಅದರಲ್ಲಿ ಇಲ್ಲ. ಇನ್ಫೋಸಿಸ್‌ನ ವಾರ್ಷಿಕ ಲೆಕ್ಕಪತ್ರ ತೆಗೆದು ನೋಡಿ. ನೌಕರರ ಸಂಬಳ ಸವಲತ್ತಿನ ಖರ್ಚು ಒಂದು ಸಾಲು. ಅದರಿಂದ ಬೇರೆಯಾಗಿ ತಾಂತ್ರಿಕ ಉಪಗುತ್ತಿಗೆದಾರರ ವೆಚ್ಚ ಅಂತ ಇನ್ನೊಂದು ಸಾಲು. ಆ ಸಾಲಿನಲ್ಲಿ ದುಡ್ಡು ಇದೆ, ತಲೆ ಎಣಿಕೆ ಇಲ್ಲ. ನಾನು ಗುಮಾಸ್ತಿಕೆ ಮಾಡೋನು. ಖರ್ಚಿನ ಬಾಬ್ತಿಗೂ ಹಾಜರಿ ಪುಸ್ತಕಕ್ಕೂ ಇರೋ ವ್ಯತ್ಯಾಸ ನನಗೆ ಗೊತ್ತು. ಖರ್ಚು ಕಡಿಮೆ ಮಾಡಿದರೆ ಮೇಲಿನವರು ಬೆನ್ನು ತಟ್ಟುತ್ತಾರೆ.

"ಹೊಸ ಕೋರ್ಸ್ ಕಲೀರಿ, ಎಐ ಕಲೀರಿ" ಅನ್ನೋ ಉಪದೇಶ ಎಲ್ಲಾ ಕಡೆಯಿಂದ ಬರ್ತಿದೆ. ಕಲೀಲಿ, ಬೇಡ ಅನ್ನಲ್ಲ. 1974ರಲ್ಲಿ ನಮ್ಮಜ್ಜನಿಗೆ ಉಳೋದು ಗೊತ್ತಿರಲಿಲ್ವಾ?

ಹಾಗಾಗಿ ವಾಪಸ್ ಬಂದಿರೋ ತಮ್ಮಂದಿರು, ತಂಗಿಯರು ದಯವಿಟ್ಟು ಕಾಗದ ಎಸೀಬೇಡಿ. ಆಫರ್ ಲೆಟರ್, ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್, ಐಡಿ ಕಾರ್ಡಿನ ಫೋಟೋ, ಕೆಲಸ ಹೇಳಿದವರ ಮೇಲ್, ಎಲ್ಲಾ ಒಂದು ಕಡೆ ಇಡಿ. ಇದು ನಿಮ್ಮ ಗೇಣಿ ಚೀಟಿ. ಇನ್ನೊಂದು ಕೆಲಸ ಇದೆ. 2024ರ ವಿನಾಯಿತಿ ಆದೇಶದಲ್ಲಿ ಒಂದು ಷರತ್ತು ಇತ್ತು: ಯಾರನ್ನ ಕೆಲಸದಿಂದ ತೆಗೆದರೂ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಅಂತ. ಆ ಜೂನ್‌ನಿಂದ 2025ರ ನವೆಂಬರ್‌ವರೆಗೆ ಎಷ್ಟು ಕಂಪನಿ, ಎಷ್ಟು ಜನರ ಬಗ್ಗೆ ತಿಳಿಸಿವೆ, ಅದರಲ್ಲಿ ಗುತ್ತಿಗೆಯವರು ಎಷ್ಟು ಅಂತ ಆರ್‌ಟಿಐ ಹಾಕೋಣ. ಅರ್ಜಿ ನಾನು ಬರೆದುಕೊಡ್ತೀನಿ, ಹೆಸರು ನಿಮ್ಮದಿರಲಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಇನ್‌ಬಾಕ್ಸ್‌ಗೆ ಬನ್ನಿ.