ಹೈದರಾಬಾದ್ 2008: ‘ಎ’ ಗುಂಪಿನ ಅಂಕಪಟ್ಟಿಯ ಮರುಓದು

2011ರ ಏಷ್ಯಾ ಕಪ್‌ಗೆ ಭಾರತದ ಫುಟ್‌ಬಾಲ್ ತಂಡ ಅರ್ಹತೆ ಪಡೆದದ್ದು 2008ರ ಆಗಸ್ಟ್ 13ರಂದು, ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ. ಎಎಫ್‌ಸಿ ಚಾಲೆಂಜ್ ಕಪ್‌ನ ಆ ಫೈನಲ್‌ನಲ್ಲಿ ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು, ತಜಿಕಿಸ್ತಾನ 4–1ರಿಂದ ಸೋತಿತು. ಜನರ ನೆನಪೆಲ್ಲ ಅಲ್ಲೇ ನಿಂತಿದೆ. ಫೈನಲ್‌ವರೆಗಿನ ದಾರಿ ಸವೆದದ್ದು ಮಾತ್ರ ಹೈದರಾಬಾದಿನಲ್ಲಿ.

ಏಷ್ಯಾ ಕಪ್‌ನ ಮಾಮೂಲಿ ಅರ್ಹತಾ ಗುಂಪುಗಳು ಬೇರೆಯೇ ಇದ್ದವು. ಬೆಳೆಯುತ್ತಿರುವ ದೇಶಗಳಿಗೆಂದು ಮಾಡಿದ ಚಾಲೆಂಜ್ ಕಪ್‌ನ 2008 ಮತ್ತು 2010ರ ವಿಜೇತರಿಗೆ ನೇರ ಪ್ರವೇಶವಿತ್ತು. 1984ರ ನಂತರ ಏಷ್ಯಾ ಕಪ್ ಆಡದ ಭಾರತಕ್ಕೆ ಈ ಪಕ್ಕದ ಬಾಗಿಲೇ ಹತ್ತಿರದ್ದು. ಹಾಗಾಗಿ ಹೈದರಾಬಾದಿನ ‘ಎ’ ಗುಂಪನ್ನು ಅರ್ಹತಾ ಗುಂಪೆಂದೇ ಓದುವುದು ಸರಿ.

ಪಂದ್ಯಗಳಿಗೆ ಗೊತ್ತುಮಾಡಿದ್ದು ಫತೇ ಮೈದಾನದ ಲಾಲ್ ಬಹಾದ್ದೂರ್ ಶಾಸ್ತ್ರಿ ಕ್ರೀಡಾಂಗಣ ಮತ್ತು ಗಚ್ಚಿಬೌಲಿಯ ಕ್ರೀಡಾಂಗಣ. ಒಂದು ಹಳೆಯ ನಗರದ ದಿಕ್ಕಿಗೆ, ಇನ್ನೊಂದು ಹೊಸ ಐಟಿ ಬಡಾವಣೆಗಳ ಕಡೆಗೆ. ಊರಿಗೆ ಫುಟ್‌ಬಾಲ್ ಹೊಸದೇನಲ್ಲ. ಸೈಯದ್ ಅಬ್ದುಲ್ ರಹೀಮ್ ತರಬೇತಿ ಕೊಟ್ಟ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತ್ತು. (ಅದಕ್ಕೂ ಮುಂಚೆ, 1937 ಮತ್ತು 1938ರಲ್ಲಿ, ಆ ಕಪ್ ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡದ ಪಾಲಾಗಿತ್ತು.)

ಈಗ ಅಂಕಪಟ್ಟಿ. ಅಫ್ಘಾನಿಸ್ತಾನದ ಮೇಲೆ 1–0, ತಜಿಕಿಸ್ತಾನದ ಜೊತೆ 1–1, ತುರ್ಕ್‌ಮೆನಿಸ್ತಾನದ ಮೇಲೆ 2–1: ಭಾರತಕ್ಕೆ 7 ಅಂಕ. ತಜಿಕಿಸ್ತಾನಕ್ಕೆ 5, ತುರ್ಕ್‌ಮೆನಿಸ್ತಾನಕ್ಕೆ 4. ಮೂರೂ ಪಂದ್ಯ ಸೋತ ಅಫ್ಘಾನಿಸ್ತಾನ 10 ಗೋಲು ಬಿಟ್ಟುಕೊಟ್ಟಿತು, ಒಂದೂ ಹೊಡೆಯಲಿಲ್ಲ. ಅಂಥ ತಂಡದ ಎದುರು ಭಾರತಕ್ಕೆ ದಕ್ಕಿದ್ದು ಒಂದೇ ಗೋಲು, ಅದೂ ಆಟ ಮುಗಿಯುವ ಹೊತ್ತಿನಲ್ಲಿ ಕ್ಲೈಮ್ಯಾಕ್ಸ್ ಲಾರೆನ್ಸ್ ಹೊಡೆದದ್ದು.

ಆ ಗೋಲು ಭಾರತವನ್ನು ಉಳಿಸಿತು ಎನ್ನುವುದು ಸುಲಭ. ಲೆಕ್ಕ ಬೇರೆ ಹೇಳುತ್ತದೆ. ಉಳಿದ ಫಲಿತಾಂಶಗಳು ಹಾಗೇ ಇದ್ದು ಆ ಪಂದ್ಯ 0–0 ಆಗಿದ್ದರೂ ಭಾರತಕ್ಕೆ 5 ಅಂಕ ಸಿಗುತ್ತಿತ್ತು. ತಜಿಕಿಸ್ತಾನ ಗೋಲು ವ್ಯತ್ಯಾಸದಲ್ಲಿ ಮೇಲೇರುತ್ತಿತ್ತು, ಅಷ್ಟೆ. ಎರಡನೇ ಸ್ಥಾನದ ಭಾರತ ಸೆಮಿಫೈನಲ್ ಆಡಿಯೇ ಆಡುತ್ತಿತ್ತು. ಬದಲಾಗುತ್ತಿದ್ದದ್ದು ಎದುರಾಳಿ: ಮ್ಯಾನ್ಮಾರ್ ಬದಲು ಉತ್ತರ ಕೊರಿಯಾ.

ತುರ್ಕ್‌ಮೆನಿಸ್ತಾನದ ಪಂದ್ಯ ಇದಕ್ಕಿಂತ ಕಠಿಣ ಪ್ರಶ್ನೆ. ಸೋತಿದ್ದರೆ ಭಾರತ 4 ಅಂಕಕ್ಕೆ ನಿಂತು ಹೊರಬೀಳುತ್ತಿತ್ತು. 1–1 ಆಗಿದ್ದರೆ? ಮೂರು ತಂಡಗಳಿಗೂ ತಲಾ 5 ಅಂಕ. ಒಟ್ಟು ಗೋಲು ವ್ಯತ್ಯಾಸ ಹಿಡಿದರೆ ತುರ್ಕ್‌ಮೆನಿಸ್ತಾನ +5, ತಜಿಕಿಸ್ತಾನ +4, ಭಾರತ +1; ಭಾರತ ಮೂರನೆಯದು. ಆ ಮೂವರ ಪರಸ್ಪರ ಪಂದ್ಯಗಳನ್ನಷ್ಟೇ ಹಿಡಿದರೆ ಎಲ್ಲವೂ ಡ್ರಾ, ಆದರೆ ಭಾರತದ ಗೋಲು ಎರಡು, ಉಳಿದವರದು ಒಂದೊಂದು, ಭಾರತ ಮೊದಲನೆಯದು. ಒಂದೇ ಪಟ್ಟಿ, ನಿಯಮ ಬದಲಾದರೆ ತಲೆಕೆಳಗು. ಬೈಚುಂಗ್ ಭುಟಿಯಾ ಅವರ ಎರಡು ಗೋಲುಗಳು ಈ ತಕರಾರಿಗೇ ಅವಕಾಶ ಕೊಡಲಿಲ್ಲ. ನನ್ನ ಮಟ್ಟಿಗೆ ಈ ಗುಂಪಿನ ನಿರ್ಣಾಯಕ ಸಂಜೆ ಅದೇ.

ಇಂಥ ‘ಹಾಗಾಗಿದ್ದರೆ’ ಲೆಕ್ಕಕ್ಕೆ ಮಿತಿಯಿದೆ: ಅಂಕ ಬೇರೆಯಿದ್ದಿದ್ದರೆ ತಂಡಗಳ ಆಟವೂ ಬೇರೆಯಾಗುತ್ತಿತ್ತು. ಉತ್ತರ ಕೊರಿಯಾದ ಭಯವನ್ನೂ ಹಿಗ್ಗಿಸಬೇಕಿಲ್ಲ. 2010ರ ವಿಶ್ವಕಪ್‌ಗೆ ಹೋದ ದೇಶವದು, ನಿಜ. ಆದರೆ ಹೈದರಾಬಾದಿನ ಸೆಮಿಫೈನಲ್‌ನಲ್ಲಿ ತಜಿಕಿಸ್ತಾನ ಅದನ್ನು 1–0ರಿಂದ ಸೋಲಿಸಿತು. ಅದೇ ಅಂತರದಿಂದ ಭಾರತ ಮ್ಯಾನ್ಮಾರ್ ಅನ್ನು ದಾಟಿತು. ಮಳೆ ಬಿಡದೆ ಮೈದಾನ ಕೆಸರಾದ್ದರಿಂದ ಫೈನಲ್ ದೆಹಲಿಗೆ ಹೋಯಿತು.